ಹಬ್ಬಕ್ಕೆ ಎತ್ತಿಟ್ಟ ಗುಂಡು

ಊರಿಗೆ ಮರಳಿದ ಮೇಲೆ ಎಲ್ಲರೂ ಕೇಳಿದ್ದು ಒಂದೇ ಪ್ರಶ್ನೆ: ಸಿಂಹ ನೋಡಿದಿರಾ? ನೋಡಲಿಲ್ಲ. ಆಫ್ರಿಕಾಕ್ಕೆ ಹೋಗಿ ಸಿಂಹ ನೋಡದೆ ಬಂದವನ ಮಾತನ್ನು ಹಗರಿಬೊಮ್ಮನಹಳ್ಳಿಯಲ್ಲಿ ಯಾರೂ ಎರಡನೇ ಸಲ ಕೇಳುವುದಿಲ್ಲ. ಹಾಗಾಗಿ ಬರೆಯುತ್ತಿದ್ದೇನೆ. ನಾನು ನೋಡಿದ್ದು ಎರಡು ರಟ್ಟಿನ ಡಬ್ಬಿ, ಒಂದು ಕಬ್ಬಿಣದ ತಟ್ಟೆ, ಒಂದು ಚಿಗರಿ. ಇದೇ ಕ್ರಮದಲ್ಲಿ ನೋಡಿದೆನೋ ಇಲ್ಲವೋ ಖಾತ್ರಿಯಿಲ್ಲ. ನೆನಪು ತನಗೆ ಬೇಕಾದ ಹಾಗೆ ಸಾಲು ಹಚ್ಚುತ್ತದೆ. ಅಲ್ಲಲ್ಲಿ ನಾನು ಅದಕ್ಕೆ ಅಡ್ಡ ಬರುತ್ತೇನೆ.

ಜಲ್ಲಿ ರಸ್ತೆ

ವಿಂಡ್‌ಹುಕ್ ಎಂಬ ನಮೀಬಿಯಾದ ರಾಜಧಾನಿ ಬಿಟ್ಟು ಡಾಂಬರು ಮುಗಿದ ಕೂಡಲೇ ನನಗೆ ಆದದ್ದು ಮೋಸಹೋದ ಭಾವ. ಎರಡು ವಿಮಾನ ಬದಲಿಸಿ, ಪಕ್ಕದವನ ಗೊರಕೆ ಸಹಿಸಿ ನಾನು ಬಂದು ಮುಟ್ಟಿದ್ದು ಕೂಡ್ಲಿಗಿಯಿಂದ ಹೊಸಹಳ್ಳಿಗೆ ಹೋಗುವ ದಾರಿಯನ್ನೇ: ಕೆಂಪು ನೆಲ, ಮುಳ್ಳುಕಂಟಿ, ದೂರದಲ್ಲಿ ಬಂಡೆಗುಡ್ಡ. ವ್ಯತ್ಯಾಸ ಒಂದೇ, ಮನುಷ್ಯರಿರಲಿಲ್ಲ. ಗಾಡಿ ಓಡುತ್ತಲೇ ಇತ್ತು, ಒಂದು ಚಹಾದಂಗಡಿ ಸಿಗಲಿಲ್ಲ, ಕುರಿ ಹಿಂದೆ ಹೋಗುವ ಒಬ್ಬ ಮುದುಕ ಸಿಗಲಿಲ್ಲ. ನಮ್ಮ ನೆಲದಿಂದ ಜನರನ್ನೆಲ್ಲ ಒರೆಸಿ ತೆಗೆದರೆ ಹೀಗೆ ಕಾಣುತ್ತದೆ ಎಂದು ಯಾರೋ ತೋರಿಸಿದಂತಿತ್ತು.

ಗಾಡಿ ಓಡಿಸುತ್ತಿದ್ದವನು ಖಾದರ್, ರಜೆಗೆ ಬಾ ಎಂದು ನನ್ನನ್ನು ಕರೆಸಿಕೊಂಡವನು. ಕೊಟ್ಟೂರಿನ ಹೈಸ್ಕೂಲಿನಲ್ಲಿ ನಾವಿಬ್ಬರೂ ಒಂದೇ ಬೆಂಚಿನವರು. ನಾನು ಚಿತ್ರಕಲೆಯ ಮಾಸ್ತರನಾದೆ. ಅವನು ಬೋರ್‌ವೆಲ್ ಲಾರಿಯ ಮೆಕ್ಯಾನಿಕ್ ಆದ. ಲಾರಿಯ ಹಿಂದೆ ತಮಿಳುನಾಡಿಗೆ ಹೋದ, ಆ ಲಾರಿ ಹಡಗು ಹತ್ತಿದಾಗ ಅದರ ಹಿಂದೆಯೇ ನಮೀಬಿಯಾಕ್ಕೆ ಬಂದ. ಈಗ ಬೋರ್ ಕೊರೆಯುವ ಕಂಪನಿ ಗಂಟುಮೂಟೆ ಕಟ್ಟಿತ್ತು. ಖಾದರ್ ಆ ದೇಶದಲ್ಲಿ ಉಳಿಯಬೇಕೆಂದರೆ ಬೇರೆ ಯಾರಾದರೂ ಕೆಲಸ ಕೊಡಬೇಕು. ಕೊಡುತ್ತೇನೆ ಎಂದಿದ್ದವಳು ಹೆಲ್ಗಾ ಎಂಬ ಮುದುಕಿ, ನಮ್ಮ ಒಂದು ಹೋಬಳಿಯಷ್ಟು ಜಮೀನಿನ ಒಡತಿ. ಆದರೆ ಒಂದು ಷರತ್ತು ಹಾಕಿದ್ದಳು.

"ಪಂಪು, ಪೈಪು, ಗಾಡಿ, ಎಲ್ಲಾ ನನ್ನ ಕೈಯಾಗ ಐತಿ ಲೇ ಬಸ್ಯಾ," ಎಂದ ಖಾದರ್. "ಒಂದು ಬಾಕಿ. ಬಂದೂಕ."

"ಮೆಕ್ಯಾನಿಕ್‌ಗೆ ಬಂದೂಕ ಯಾಕಲೇ?"

"ಜಮೀನು ಕಾಯೋನಿಗೆ ಹೊಡಿಯಾಕ ಬರಬೇಕಂತ. ಬೇಲ್ಯಾಗ ಕಾಲು ಮುರಕಂಡ ದನ ಇರತೈತಿ, ಚಿರತಿ ಬರತೈತಿ, ಆಳುಗಳಿಗೆ ಮಾಂಸ ಬೇಕು. ಮೊದಲು ಕಬ್ಬಿಣದ ತಟ್ಟಿಗೆ ಗುರಿ ಹೊಡದು ತೋರಿಸಬೇಕು. ಆಮ್ಯಾಲೆ ಒಂದು ಚಿಗರಿ, ಒಂದಽ ಗುಂಡಿಗೆ ಬೀಳಬೇಕು. ಆತು ಅಂದ್ರ ಇಲ್ಲೇ ಉಳಕಂತೀನಿ. ಇಲ್ಲಾಂದ್ರ ನಿನ್ನ ವಿಮಾನದಾಗ, ನಿನ್ನ ಪಕ್ಕದಾಗ."

ಕೊಟ್ಟೂರಿನಲ್ಲಿ ಅವನ ಅಣ್ಣನ ಗ್ಯಾರೇಜಿದೆ. ಅಲ್ಲಿ ಇನ್ನೊಬ್ಬನಿಗೆ ಸಾಲುವಷ್ಟು ಕೆಲಸವಿಲ್ಲ. ಅದು ಅವನಿಗೂ ಗೊತ್ತು, ನನಗೂ ಗೊತ್ತು. ಆದರೂ ಅವನು ನನ್ನ ಪಕ್ಕದ ಸೀಟಿನಲ್ಲಿ ಬರಲಿ ಎಂದು ನನಗೆ ಆಸೆಯಾಯಿತು.

ಅಷ್ಟರಲ್ಲಿ ರಸ್ತೆಗೆ ಅಡ್ಡಲಾಗಿ ಒಂದು ಹಿಂಡು ಹಾರಿತು. ಕಂದು ಬೆನ್ನು, ಪಕ್ಕೆಗೆ ಕಪ್ಪು ಪಟ್ಟೆ, ಬಿಳಿ ಹೊಟ್ಟೆ. ಸ್ಪ್ರಿಂಗ್‌ಬಾಕ್ ಎನ್ನುತ್ತಾರೆ. ನಮ್ಮ ಎರೆಹೊಲಗಳಲ್ಲಿ ಜಿಗಿಯುವ ಚಿಗರಿಗೆ, ಅಂದರೆ ಕೃಷ್ಣಮೃಗಕ್ಕೆ, ದೊಡ್ಡಪ್ಪನ ಮಕ್ಕಳು. ನಮ್ಮಲ್ಲಿ ಚಿಗರಿ ಹೊಡೆದವನು ಜೈಲಿಗೆ. ಇಲ್ಲಿ ಚಿಗರಿ ಹೊಡೆದರೆ ಕೆಲಸ. ಈ ಮಾತು ತಲೆಗೆ ಇಳಿಯಲು ನನಗೆ ಬಹಳ ಹೊತ್ತು ಹಿಡಿಯಿತು.

ಅಂಗಡಿ

ಬಂದೂಕು ನನಗೆ ಹೊಸದಲ್ಲ ಎಂದುಕೊಂಡಿದ್ದೆ. ನಾನು ಹುಟ್ಟಿ ಬೆಳೆದ ಹೊಸಹಳ್ಳಿಯ ಮನೆಯಲ್ಲಿ ಬೆಳೆ ಕಾಯಲೆಂದು ಪರವಾನಗಿ ಪಡೆದ ಒಂಟಿ ನಳಿಗೆಯದು ಒಂದಿತ್ತು. ಮೆಕ್ಕೆಜೋಳಕ್ಕೆ ಹಂದಿ ನುಗ್ಗಿದರೆ ಅಪ್ಪ ಆಕಾಶಕ್ಕೆ ಹೊಡೆಯುತ್ತಿದ್ದ. ನಮ್ಮಲ್ಲಿ ಬಂದೂಕೆಂದರೆ ಸದ್ದು. ಗುಂಡು ಎಲ್ಲಿ ಬಿತ್ತು ಎಂದು ಯಾರೂ ಕೇಳುತ್ತಿರಲಿಲ್ಲ. ಚುನಾವಣೆ ಬಂದರೆ ಬಂದೂಕು ಪೊಲೀಸ್ ಠಾಣೆಯಲ್ಲಿ, ಆಯುಧಪೂಜೆ ಬಂದರೆ ಕುಂಕುಮ ಹಚ್ಚಿಕೊಂಡು ಜಗಲಿಯ ಮೇಲೆ. ಖಾಲಿ ತೋಟಾ ಹಿಂದಿರುಗಿಸಿದರೆ ಮಾತ್ರ ಹೊಸ ತೋಟಾ. ಅದಕ್ಕೇ ಅಪ್ಪ ಹಂದಿಯನ್ನು ಮರೆತು ಬದುವಿನಲ್ಲಿ ಖಾಲಿ ತೋಟಾ ಹುಡುಕುತ್ತಿದ್ದ.

ಹೆಲ್ಗಾ ನಮ್ಮನ್ನು ಕರೆದುಕೊಂಡು ಹೋದದ್ದು ಹತ್ತಿರದ ಪಟ್ಟಣದ ಒಂದು ಅಂಗಡಿಗೆ. ಹಸಿರು ಗೋಡೆಯ ಅಂಗಡಿ ಎಂದು ಬರೆದಿದ್ದೆ. ಫೋನಿನ ಫೋಟೋ ತೆಗೆದು ನೋಡಿದರೆ ಗೋಡೆ ಹಳದಿ. ಚಿತ್ರದ ಮಾಸ್ತರನಿಗೇ ಬಣ್ಣ ಕೈಕೊಟ್ಟ ಮೇಲೆ ಉಳಿದದ್ದನ್ನು ನೀವು ನಂಬಬೇಕೆಂದು ಹೇಗೆ ಕೇಳಲಿ? ಒಳಗೆ ಒಂದು ಬದಿಗೆ ಬ್ರೆಡ್ಡು, ಮಕ್ಕಳ ಬೂಟು, ದನ ನೆಕ್ಕುವ ಉಪ್ಪಿನ ಗಟ್ಟಿ. ಇನ್ನೊಂದು ಬದಿಗೆ ನೆಲದಿಂದ ಸೂರಿನವರೆಗೆ ಗುಂಡಿನ ಡಬ್ಬಿಗಳು. ಒಬ್ಬಳು ಅಜ್ಜಿ ಪರವಾನಗಿಯ ಕಾರ್ಡು ತೋರಿಸಿ ಒಂದು ಡಬ್ಬಿ ತೆಗೆದುಕೊಂಡು ಬ್ರೆಡ್ಡಿನ ಚೀಲಕ್ಕೇ ಹಾಕಿಕೊಂಡಳು. ಬ್ರೆಡ್ಡು ನಜ್ಜಾಗದಿರಲೆಂದು ಗುಂಡನ್ನು ಕೆಳಗಿಟ್ಟಳು. ನಾನು ಬಾಯಿ ತೆರೆದುಕೊಂಡು ನೋಡುತ್ತಿದ್ದೆ.

ಹೆಲ್ಗಾ ತನ್ನ ಪರವಾನಗಿ ತೋರಿಸಿ, ಖಾದರ್‌ಗೆ ಏನೋ ಹೇಳಿ, ದನದ ಔಷಧಿ ಮಾರುವ ಕಡೆಗೆ ಹೋದಳು. ಆಕೆ ಆಡುವುದು ಅಲ್ಲಿನ ಆಫ್ರಿಕಾನ್ಸ್ ಭಾಷೆ. ನನಗೆ ಒಂದಕ್ಷರ ಬಾರದು. ಖಾದರ್ ಕಲಿತಿದ್ದಾನೆ. ಹಾಗಾಗಿ ಆ ಪ್ರವಾಸವಿಡೀ ಬಿಳಿಯರೆಲ್ಲ ನನ್ನ ಜೊತೆ ಕೊಟ್ಟೂರಿನ ಕನ್ನಡವನ್ನೇ ಮಾತಾಡಿದರು.

"'ಹೊಡಿಯೋನು ನೀನು, ಆರಿಸೋನೂ ನೀನಽ' ಅಂದ್ಲು," ಎಂದ.

ಅಂಗಡಿಯವನು ಎರಡು ಡಬ್ಬಿ ಮುಂದಿಟ್ಟ. ಎರಡೂ ಹೆಲ್ಗಾಳ ರೈಫಲ್ಲಿಗೆ ಸರಿಹೋಗುವಂಥವು. ಒಂದರ ಗುಂಡಿಗೆ ಮೈತುಂಬ ತಾಮ್ರದ ಕವಚ. ಅದು ಅಗ್ಗ, ಗುರಿ ಕಲಿಯಲು ಕಾಗದಕ್ಕೋ ತಟ್ಟೆಗೋ ಹೊಡೆಯುವುದು. ಪ್ರಾಣಿಗೆ ಹೊಡೆದರೆ ದಬ್ಬಣದ ಹಾಗೆ ಈ ಕಡೆ ಹೊಕ್ಕು ಆ ಕಡೆ ಹೋಗಿಬಿಡುತ್ತದೆ, ಪ್ರಾಣಿ ಗಾಯ ಹೊತ್ತು ಓಡುತ್ತದೆ. ಇನ್ನೊಂದರ ಮೂತಿಯಲ್ಲಿ ಮೆತ್ತನೆಯ ಸೀಸ ಹೊರಗೆ ಕಾಣುತ್ತದೆ. ಅದು ಮೈಯೊಳಗೆ ಹೊಕ್ಕ ಕೂಡಲೇ ಅರಳುತ್ತದೆ, ಪ್ರಾಣಿ ನಿಂತಲ್ಲೇ ಬೀಳುತ್ತದೆ. ನನಗೆ ಅರ್ಥವಾಗಲೆಂದು ಅಂಗಡಿಯವನು ಹಾಗೆ ಅರಳಿದ ಒಂದು ಗುಂಡನ್ನು ನನ್ನ ಅಂಗೈಯಲ್ಲಿಟ್ಟ. ತಾಮ್ರದ ಎಸಳುಗಳು ಹಿಂದಕ್ಕೆ ಮಡಚಿ ಎಕ್ಕದ ಹೂವಿನ ಹಾಗಿತ್ತು. ಚೆಂದ ಎಂದುಕೊಂಡೆ. ಅದು ಅರಳಿದ ಜಾಗ ಯಾವುದೆಂದು ಹೊಳೆದಾಗ ಅಂಗೈ ತಾನಾಗಿ ಮಗುಚಿಕೊಂಡಿತು.

ಅವನು ಎರಡನೆಯ ಡಬ್ಬಿಯನ್ನು ಬೆರಳಿನಿಂದ ಬಡಿದು ಬಡಿದು ಏನೋ ಹೇಳಿದ.

"ಏನಂತಾನಲೇ?"

"'ಎಲ್ಡಕ್ಕೂ ಇದನ್ನಽ ತಗ. ಯಾವುದರಾಗ ಬ್ಯಾಟಿ ಆಡ್ತೀಯೋ ಅದರಾಗಽ ಕಲಿ' ಅಂತಾನ. ಮಾರೋನು ಮತ್ತೇನಂತಾನ."

"ತಗಾ ಮತ್ತ."

"ಚೊಲೊ ಗುಂಡು ತಟ್ಟಿಗೆ ಹೊಡಿಯಾಕ ನಾನೇನು ನವಾಬನ ಮೊಮ್ಮಗನಾ? ದಿನಕ್ಕ ಅದು, ಹಬ್ಬಕ್ಕ ಇದು."

ಎರಡೂ ಡಬ್ಬಿ ತೆಗೆದುಕೊಂಡ. ನನಗೂ ಅದೇ ಸರಿ ಎನಿಸಿತು. ಟ್ರಂಕಿನಲ್ಲಿ ಹಬ್ಬದ ಸೀರೆ, ಅಟ್ಟದ ಮೇಲೆ ಹಬ್ಬದ ತಪ್ಪಲೆ, ನೆಂಟರಿಗೆ ಬೇರೆ ಹಾಸಿಗೆ ಇಡುವ ಊರಿನವರು ನಾವು. ಹೆಲ್ಗಾ ಬಂದು ಎರಡು ಡಬ್ಬಿ ನೋಡಿದಳು, ಆಗಲಿ ಎಂಬಂತೆ ತಲೆಯಾಡಿಸಿದಳು. ಆ ತಲೆಯಾಟದ ಅರ್ಥ ನಮಗೆ ಗೊತ್ತಾದದ್ದು ತಡವಾಗಿ.

ತಟ್ಟೆ

ಹೆಲ್ಗಾಳ ಮನೆಯ ಹಿಂದೆ ಮಣ್ಣಿನ ದಿಬ್ಬಕ್ಕೆ ಅಡ್ಡಲಾಗಿ ಕಬ್ಬಿಣದ ತಟ್ಟೆಯೊಂದನ್ನು ಸರಪಳಿಯಲ್ಲಿ ತೂಗುಬಿಟ್ಟಿದ್ದರು. ಬೆಳಿಗ್ಗೆ ಕಾಫಿಯ ನಂತರ ಖಾದರ್ ಮರಳಿನ ಚೀಲದ ಮೇಲೆ ರೈಫಲ್ ಇಟ್ಟು ಮಲಗುತ್ತಿದ್ದ. ಮೊದಲ ದಿನ ದಿಬ್ಬದಿಂದ ಧೂಳು ಎದ್ದಿತು. ಎರಡನೆಯ ದಿನವೋ ಮೂರನೆಯ ದಿನವೋ ತಟ್ಟೆ ಕೂಗಿತು. ಆಮೇಲೆ ಅದು ಸುಮ್ಮನಿದ್ದ ನೆನಪೇ ಇಲ್ಲ. ನಮ್ಮ ಶಾಲೆಯ ಗಂಟೆಯೇ ಆ ಸದ್ದು. ಪ್ರತಿ ಏಟಿಗೂ ನನಗೆ ಮಕ್ಕಳು ಹೊರಗೆ ಓಡಿಬರುತ್ತಾರೆನಿಸುತ್ತಿತ್ತು.

ನಾನು ಮಾಡಿದ ಕೆಲಸ ಬೇರೆ. ರೈಫಲ್ಲಿನಿಂದ ಖಾಲಿ ತೋಟಾ ಹಾರಿದ ಕೂಡಲೇ ನನ್ನ ಮೊಣಕಾಲು ತಾನಾಗಿ ನೆಲಕ್ಕೆ ಹೋಗುತ್ತಿತ್ತು. ಹುಲ್ಲು ಬಗೆದು ಹುಡುಕಿ, ಊದಿ, ಒಂದು ಕಲ್ಲಿನ ಮೇಲೆ ಸಾಲಾಗಿ ನಿಲ್ಲಿಸುತ್ತಿದ್ದೆ. ಹೆಲ್ಗಾ ಫ್ಲಾಸ್ಕಿನ ಮುಚ್ಚಳದಲ್ಲಿ ಕಾಫಿ ಹೀರುತ್ತಾ ಏನೋ ಕೇಳಿದಳು.

"'ನಿನ್ನ ಗೆಳೆಯ ಕೋಳಿಮೊಟ್ಟಿ ಹುಡುಕ್ತಾನೇನು' ಅಂತ ಕೇಳ್ತಾಳ."

"ಲೆಕ್ಕ ಕೊಡಬೇಕಲೋ."

"ಯಾರಿಗಲೇ? ಕೂಡ್ಲಿಗಿ ಠಾಣೆ ಇಲ್ಲಿಗೂ ಬರತೈತೇನು?"

ಖಾದರ್ ಅದನ್ನು ಅವಳ ಭಾಷೆಗೆ ತಿರುಗಿಸಿ ಹೇಳಿದ. ಹೆಲ್ಗಾ ನಕ್ಕದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ತಟ್ಟೆಯ ಪರೀಕ್ಷೆ ಆಯಿತು, ಖಾದರ್ ಗೆದ್ದ. ಅಂದು ಸಂಜೆ ಅವನು ಮನೆಗೆ ವೀಡಿಯೊ ಕರೆ ಮಾಡಿದ. ಪರದೆಯ ತುಂಬ ಅವರಮ್ಮ ಬೀಜಾನಮ್ಮನ ಮುಖ. ಹಿಂದೆ ಸೊಸೆ, ಮೊಮ್ಮಕ್ಕಳು, ಗ್ಯಾರೇಜಿನಿಂದ ಆಗತಾನೇ ಬಂದ ಅಣ್ಣ. ನಾನು ಪಕ್ಕದಲ್ಲಿದ್ದೆನೆಂದು ಕನ್ನಡದಲ್ಲೇ ಮಾತಾಡಿದರು. ಖಾದರ್ ಇನ್ನೂ ಒಡೆಯದ ಎರಡನೆಯ ಡಬ್ಬಿಯನ್ನು ಫೋನಿಗೆ ಹಿಡಿದು ತೋರಿಸಿದ.

"ಅದು ಚೊಲೋದೇನಪ್ಪಾ?"

"ಹೂಂ ಅಮ್ಮಿ. ಇದನ್ನ ಒಂದೆರಡು ಹೊಡದು ನೋಡ್ಲೇನು?"

"ಮುಟ್ಟಬ್ಯಾಡ. ಚೊಲೋದ್ನ ಹಾಳು ಮಾಡ್ತಾರೇನು? ಎತ್ತಿಡು. ಕೆಲಸದ ದಿನ ಬಿಸ್ಮಿಲ್ಲಾ ಅಂತ ಒಡಿ. ಏ ಬಸು, ನೀನಾರ ಹೇಳಪ್ಪ ಇವನಿಗೆ."

ನಾನು ಏನಾದರೂ ಹೇಳಿದೆನೋ ಬರೀ ನಕ್ಕೆನೋ, ನೆನಪಿಲ್ಲ. ಖಾದರ್ ಡಬ್ಬಿಯನ್ನು ಒಗೆದ ಟವೆಲ್ಲಿನಲ್ಲಿ ಸುತ್ತಿ ಪೆಟ್ಟಿಗೆಯ ತಳಕ್ಕೆ ಇಟ್ಟ. ಅದರ ಪಕ್ಕದಲ್ಲಿ ಒಂದು ಚೂರಿ. ಗುಂಡಿಗೆ ಸತ್ತದ್ದನ್ನು ಅವರ ಮನೆಯಲ್ಲಿ ತಿನ್ನುವುದಿಲ್ಲ. ಉಸಿರಿರುವಾಗಲೇ ದೇವರ ಹೆಸರು ಹೇಳಿ ಕುಯ್ಯಬೇಕು. ಅದನ್ನು ಹೆಲ್ಗಾಳಿಗೆ ಮೊದಲೇ ಹೇಳಿದ್ದ. "'ಹಂಗಾದ್ರ ಜೋರಾಗಿ ಓಡಾಕ ಕಲಿ' ಅಂದ್ಲು," ಎಂದು ನಗಾಡಿದ.

ಚಿಗರಿ

ಇದನ್ನು ಹಿಂದುಮುಂದಾಗಿ ಬರೆಯುತ್ತೇನೆ, ಏಕೆಂದರೆ ನನಗೆ ಅದು ಬಂದದ್ದೇ ಹಾಗೆ. ಚಿಗರಿ ಮೊದಲು ಕುಸಿಯಿತು, ಆಮೇಲೆ ಸದ್ದು ಕೇಳಿಸಿತು ಎಂದೇ ನನ್ನ ನೆನಪು. ಖಾದರನ ಭುಜಕ್ಕೆ ಭುಜ ತಾಗಿಸಿ ನಿಂತಿದ್ದೆ, ಹಾಗಾಗಲು ಸಾಧ್ಯವೇ ಇಲ್ಲ. ಆದರೂ ಕಣ್ಣು ಮುಚ್ಚಿದರೆ ಮೊದಲು ಅದು ಮುಗ್ಗರಿಸುತ್ತದೆ.

ಬಿಸಿಲೇರುವ ಮೊದಲು ಹೋಗಿದ್ದೆವು. ಬೇಟೆಯ ಅನುಮತಿಯ ಕಾಗದ ಹೆಲ್ಗಾಳ ಜೇಬಿನಲ್ಲಿತ್ತು. ಖಾದರ್ ಸ್ನಾನ ಮಾಡಿ ಇಸ್ತ್ರಿಯ ಅಂಗಿ ಹಾಕಿದ್ದ. ಗಾಡಿಯಿಂದ ಇಳಿದು, ಟವೆಲ್ಲು ಬಿಚ್ಚಿ, ಹೊಸ ಡಬ್ಬಿಯ ಮುಚ್ಚಳ ಹರಿದ. ಹೆಲ್ಗಾ ಆಗ ದುರ್ಬೀನಿನಲ್ಲಿ ಹಿಂಡು ನೋಡುತ್ತಿದ್ದಳು. ಆಕೆ ತಿರುಗಿದ್ದರೆ ಅಲ್ಲೇ ತಡೆಯುತ್ತಿದ್ದಳು. ತಿರುಗಲಿಲ್ಲ.

ಚಿಗರಿ ತಟ್ಟೆಗಿಂತ ದೂರವಿತ್ತು, ಆದರೆ ಬಹಳವೇನಲ್ಲ. ಅಡ್ಡ ನಿಂತ ಒಂಟಿ ಗಂಡು. ಖಾದರ್ ಉಸಿರು ಬಿಟ್ಟ. ತಟ್ಟೆಗೆ ಹೊಡೆಯುವಾಗ ಎಷ್ಟು ಸ್ಥಿರವಾಗಿರುತ್ತಿದ್ದನೋ ಅಷ್ಟೇ ಸ್ಥಿರವಾಗಿದ್ದ. ಚಿಗರಿ ಮುಂದಕ್ಕೆ ಮುಗ್ಗರಿಸಿತು, ಎದ್ದಿತು. ಒಂದು ಮುಂಗಾಲು ಮಂಡಿಯ ಮೇಲಿನಿಂದ ತೂಗಾಡುತ್ತಿತ್ತು. ಉಳಿದ ಮೂರು ಕಾಲಿನಲ್ಲಿ ಓಡಿತು.

ಮೂರು ಕಾಲಿನಲ್ಲಿ ಒಂದು ಪ್ರಾಣಿ ಅಷ್ಟು ಓಡಬಲ್ಲದೆಂದು ನನಗೆ ಗೊತ್ತಿರಲಿಲ್ಲ.

ಬಿಸಿಲು ನೆತ್ತಿಗೆ ಬಂದು, ನೆತ್ತಿಯಿಂದ ಇಳಿಯುವವರೆಗೂ ಹಿಂದೆ ಹೋದೆವು. ಹೆಲ್ಗಾ ಮುಂದೆ, ಖಾದರ್ ಅವಳ ಹಿಂದೆ, ನಾನು ಕೊನೆಗೆ. ಒಣಹುಲ್ಲಿನ ಮೇಲೆ ರಕ್ತ ಅಲ್ಲಲ್ಲಿ ಹೊಳೆದು ಕಾಣುತ್ತಿತ್ತು, ಮತ್ತೆ ಕಾಣುತ್ತಿರಲಿಲ್ಲ. ಕಾಣದಾಗ ಹೆಲ್ಗಾ ಕೂತುಬಿಡುತ್ತಿದ್ದಳು, ನೆಲ ನೋಡುತ್ತಿದ್ದಳು, ಏಳುತ್ತಿದ್ದಳು. ನನ್ನ ಅಂಗಿ ಮುಳ್ಳಿಗೆ ಸಿಕ್ಕಿ ಹರಿದ ಸದ್ದಿಗೆ ಮೂವರೂ ಬೆಚ್ಚಿದೆವು.

ನಮ್ಮ ಜಾಲಿಯಂಥದೇ ಒಂದು ಮರದ ಕೆಳಗೆ ಅದು ಮಲಗಿತ್ತು. ತಲೆ ಎತ್ತಿಕೊಂಡಿತ್ತು, ನಮ್ಮನ್ನು ನೋಡಿತು, ಏಳಲಿಲ್ಲ. ಖಾದರ್ ಕೊನೆಯ ದೂರವನ್ನು ಓಡಿದ. ಅದರ ಕಣ್ಣನ್ನು ಅಂಗೈಯಿಂದ ಮುಚ್ಚಿದ, ಹೆಸರು ಹೇಳಿದ, ಕುಯ್ದ. ಹೆಲ್ಗಾ ಟೊಪ್ಪಿಗೆ ತೆಗೆದು ನಿಂತಳು.

ಏನಾದರೂ ಸಮಾಧಾನ ಹೇಳಬೇಕಿತ್ತು. "ಜೀವ ಇರುವಾಗಽ ಮುಟ್ಟಿದೆಲ್ಲೋ. ನಿಮ್ಮ ಪದ್ಧತಿ ಪ್ರಕಾರ ಆತಲ್ಲ," ಎಂದೆ.

"ಕುಯ್ದಿದ್ದು ಆತು ಲೇ," ಎಂದ, ಚೂರಿಯನ್ನು ಹುಲ್ಲಿಗೆ ಒರೆಸುತ್ತಾ. "ಇಷ್ಟೊತ್ತು ಓಡಿಸಿದ್ದು ಯಾವ ಪದ್ಧತ್ಯಾಗ ಬರತೈತಿ?"

ಹೆಲ್ಗಾ ಅವನ ಜೇಬಿನಿಂದ ಇಣುಕುತ್ತಿದ್ದ ಡಬ್ಬಿ ನೋಡಿದಳು. ಕೈಚಾಚಿ ತೆಗೆದುಕೊಂಡಳು. ಒಂದೇ ಗುಂಡು ಕಡಿಮೆ ಇದ್ದ ಡಬ್ಬಿ. ಒಂದು ಪ್ರಶ್ನೆ ಕೇಳಿದಳು. ಖಾದರ್ ಉತ್ತರಿಸಿದ. ಆಕೆ ಮತ್ತೊಂದು ಪ್ರಶ್ನೆಯನ್ನು ಇನ್ನೂ ಮೆಲ್ಲಗೆ, ನಂಬದವಳ ಹಾಗೆ ಕೇಳಿದಳು. ಆಕೆ ಅವನ ಭುಜದಿಂದ ರೈಫಲ್ ತೆಗೆದುಕೊಂಡು ಗಾಡಿ ತರಲು ನಡೆದಳು.

"ಏನಂದ್ಲೋ?"

ನಾವು ಚಿಗರಿಯ ಪಕ್ಕದಲ್ಲಿ ಕೂತೆವು. ನೊಣ ಬಂದವು. ಖಾದರ್ ಅವನ್ನು ಕೈಯಿಂದ ಓಡಿಸುತ್ತಾ, ನನ್ನ ಮುಖ ನೋಡದೆ, ಹೇಳಿದ.

"'ಈ ಡಬ್ಬಿಯಾಗಿನ ಗುಂಡು ಎಲ್ಲಿ ಬೀಳತೈತಿ ಅಂತ ಒಂದು ಸಲನೂ ಕಾಗದದ ಮ್ಯಾಲೆ ನೋಡಿಲ್ಲೇನು' ಅಂದ್ಲು. ಇಲ್ಲ, ಚೊಲೋದಂತ ಎತ್ತಿಟ್ಟಿದ್ದೆ ಅಂದೆ. 'ಹಂಗಾದ್ರ ಮೊದಲನೇ ಸಲ ಪರೀಕ್ಷಾ ಮಾಡಿದ್ದು ಜೀವದ ಮ್ಯಾಲೇನು' ಅಂದ್ಲು."

ಅಂಗಡಿಯಲ್ಲಿ ಆಕೆ ತಲೆಯಾಡಿಸಿದ್ದು ಎರಡನ್ನೂ ಹೊಡೆದು ನೋಡುತ್ತೇವೆಂದು ನಂಬಿ. ಒಳ್ಳೆಯದನ್ನು ಎತ್ತಿಡುವುದು ಮರ್ಯಾದೆ ಎಂದು ಹುಟ್ಟಿದಾಗಿನಿಂದ ನಂಬಿದ್ದೆವು. ಒಂದು ಮೂಕಪ್ರಾಣಿಯ ಎದುರು ಅದಕ್ಕೆ 'ಜೀವದ ಮೇಲಿನ ಪರೀಕ್ಷೆ' ಎಂಬ ಹೆಸರಿರಬಹುದೆಂದು ಯಾರಿಗೆ ಹೊಳೆದಿತ್ತು?

ಮತ್ತೆ ದಿಬ್ಬ

ಮರುದಿನ ಖಾದರ್ ಪೆಟ್ಟಿಗೆ ಕಟ್ಟುತ್ತಿದ್ದ. ಹೆಲ್ಗಾ ಬಾಗಿಲಿಗೆ ಬಂದು ರೈಫಲ್ ತೋರಿಸಿದಳು, ದಿಬ್ಬದ ಕಡೆ ಗದ್ದ ಎತ್ತಿದಳು. ತಟ್ಟೆಯ ಜಾಗದಲ್ಲಿ ಈಗ ಬಿಳಿ ಕಾಗದ, ಅದರ ನಡುವೆ ಕರಿ ಚುಕ್ಕೆ. ಹಬ್ಬದ ಡಬ್ಬಿಯನ್ನು ಮರಳಿನ ಚೀಲದ ಪಕ್ಕ ಇಟ್ಟಳು.

ಖಾದರನ ಕೈ ಡಬ್ಬಿಗೆ ಹೋಗಲಿಲ್ಲ. ಆಕೆಯೇ ಗುಂಡು ತುಂಬಿಕೊಟ್ಟಳು. ಅವನು ಹೊಡೆದ. ಚೊಲೊ ಗುಂಡು ಒಂದೊಂದಾಗಿ ಕಾಗದಕ್ಕೆ ಹೋಗುವುದನ್ನು ನೋಡುತ್ತಾ ನನಗೇ ಸಂಕಟವಾಯಿತು, ಯಾರೋ ರೇಷ್ಮೆ ಸೀರೆಯಲ್ಲಿ ನೆಲ ಒರೆಸುತ್ತಿರುವ ಹಾಗೆ. ಖಾಲಿ ತೋಟಾ ಬಿದ್ದವು. ಆ ದಿನ ನಾನು ಬಗ್ಗಲಿಲ್ಲ.

ನಡೆದು ಹೋಗಿ ನೋಡಿದೆವು. ಕರಿ ಚುಕ್ಕೆ ಹಾಗೇ ಇತ್ತು. ಅದರಿಂದ ನಾಲ್ಕು ಬೆರಳು ಕೆಳಗೆ, ಕೊಂಚ ಎಡಕ್ಕೆ, ಎಲ್ಲ ತೂತುಗಳೂ ಒತ್ತೊತ್ತಾಗಿ ಒಂದೇ ಕಡೆ ಇದ್ದವು, ಒಂದು ಪೇರಲ ಹಣ್ಣಿನಲ್ಲಿ ಮುಚ್ಚುವಷ್ಟು ಜಾಗದಲ್ಲಿ. ಚಿತ್ರದ ಮಾಸ್ತರನಾಗಿ ಹೇಳುತ್ತೇನೆ, ಅಷ್ಟು ಸ್ಥಿರವಾದ ಕೈಯನ್ನು ನಾನು ನೋಡಿಲ್ಲ. ಕೈ ತಪ್ಪಿರಲಿಲ್ಲ. ದಿನದ ಡಬ್ಬಿಯ ಗುಂಡು ಹಗುರ, ಗುರಿಯಿಟ್ಟಲ್ಲಿಗೆ ನೇರ ಹೋಗುತ್ತಿತ್ತು. ರೈಫಲ್ಲಿನ ಮೇಲೆ ಗುರಿ ನೋಡಲು ಕೂರಿಸಿದ್ದ ದುರ್ಬೀನನ್ನು ಅದಕ್ಕೇ ಹೊಂದಿಸಿದ್ದರು. ಹಬ್ಬದ್ದು ಭಾರ, ನಿಧಾನ, ಕೆಳಗಿಳಿಯುತ್ತಿತ್ತು. ದೂರ ಹೆಚ್ಚಿದಷ್ಟೂ ಇಳಿಯುತ್ತಿತ್ತು. ಎದೆಗೆ ಇಟ್ಟ ಗುರಿ ಕಾಲಿಗೆ ಬಿದ್ದದ್ದು ಹಾಗೆ.

ಹೆಲ್ಗಾ ಆ ತೂತುಗಳ ಮೇಲೆ ಹೆಬ್ಬೆರಳಿಟ್ಟು ನಿಂತಳು. ಆಮೇಲೆ ರೈಫಲ್ಲಿನ ಬಳಿಗೆ ಮರಳಿ, ಜೇಬಿನಿಂದ ಒಂದು ನಾಣ್ಯ ತೆಗೆದು, ದುರ್ಬೀನಿನ ತಿರುಪುಗಳಿಗೆ ಕೊಟ್ಟು ಕೊಂಚ ತಿರುಗಿಸಿದಳು. ಖಾದರ್ ಮತ್ತೆ ಮಲಗಿ ಹೊಡೆದ. ಚುಕ್ಕೆ ಹಾರಿಹೋಯಿತು.

ನಾನು ಚಪ್ಪಾಳೆ ತಟ್ಟಿದೆ. ಖಾದರ್ ಏಳಲಿಲ್ಲ, ಹಣೆಯನ್ನು ಮರಳಿನ ಚೀಲಕ್ಕೆ ಒತ್ತಿಕೊಂಡು ಹಾಗೇ ಮಲಗಿದ್ದ.

"ಮೊನ್ನೆ ಒಂದು ಹೊಡದು ನೋಡಿದ್ರ ಸಾಕಿತ್ತಲೋ ಬಸ್ಯಾ," ಎಂದ ಚೀಲದೊಳಗಿನಿಂದ. "ಒಂದಽ ಒಂದು."

ಹೆಲ್ಗಾ ದಿನದ ಡಬ್ಬಿಯಲ್ಲಿ ಉಳಿದದ್ದನ್ನು ತನ್ನ ಕೈಚೀಲಕ್ಕೆ ಹಾಕಿಕೊಂಡಳು. ಹೋಗುವಾಗ ಬೆನ್ನು ತಿರುಗಿಸಿಕೊಂಡೇ ಒಂದು ಮಾತು ಹೇಳಿದಳು. ಅದನ್ನು ಖಾದರ್ ನನಗೆ ಹೇಳಿದ್ದು ವಿಮಾನ ನಿಲ್ದಾಣದಲ್ಲಿ, ನನ್ನ ಚೀಲ ಇಳಿಸಿಕೊಡುತ್ತಾ: "'ಇನ್ನ ಮ್ಯಾಲೆ ಮನ್ಯಾಗ ಒಂದಽ ಡಬ್ಬಿ. ಅದು ಮುಗಿಯೋ ತನಕ ಕಾಗದ. ಆಮ್ಯಾಲೆ ಚಳಿಗಾಲಕ್ಕ ಮಾಂಸ ನೀನಽ ತರಬೇಕು' ಅಂದ್ಲು."

"ಅಂದ್ರ ಉಳಕಂಡಿ."

"ಉಳಕಂಡೆ," ಎಂದ. ನಗಲಿಲ್ಲ.

ನನ್ನ ಪಕ್ಕದ ಸೀಟಿನಲ್ಲಿ ಯಾರೋ ಅಪರಿಚಿತ ದಾರಿಯುದ್ದಕ್ಕೂ ನಿದ್ದೆ ಮಾಡಿದ.

ಕೊಟ್ಟೂರು

ಬೀಜಾನಮ್ಮನಿಗೆ ಸುದ್ದಿ ಮುಟ್ಟಿಸಲು ಹೋದಾಗ ಮನೆ ತುಂಬಿತ್ತು. ಗ್ಯಾರೇಜಿನ ಹುಡುಗರು ಊಟಕ್ಕೆ ಕೂತಿದ್ದರು, ಸೊಸೆ ರೊಟ್ಟಿ ಬಡಿಯುತ್ತಿದ್ದಳು.

"ಕೆಲಸ ಪಕ್ಕಾ ಆತಂತಲ್ಲ," ಎಂದರು ಅಮ್ಮ. "ಚೊಲೋ ಗುಂಡು ಆ ದಿನಾನ ತೆಗದನಿಲ್ಲ? ನಾನು ಹೇಳಿದ್ದೆ."

"ತೆಗದ ಅಮ್ಮಾ. ಆ ದಿನಾನ ತೆಗದ."

"ನೋಡು ಮತ್ತ," ಎಂದು ಸೊಸೆಯ ಕಡೆ ತಿರುಗಿದರು.

ಮುಂದಿನದನ್ನು ಹೇಳಬೇಕೆಂದೇ ಹೋಗಿದ್ದೆ. ಮೂರು ಕಾಲು, ಜಾಲಿಯಂಥ ಮರ, ಚೀಲಕ್ಕೆ ಒತ್ತಿದ ಹಣೆ. ಮಾತು ಬಾಯಿಗೆ ಬರುವಷ್ಟರಲ್ಲಿ ಅವರು ಎದ್ದು, ಷೋಕೇಸಿನ ಗಾಜು ಸರಿಸಿ, ಹೂವಿನ ಚಿತ್ರದ ಪಿಂಗಾಣಿ ಕಪ್ಪು ತೆಗೆದರು. ಸೆರಗಿನಿಂದ ಒರೆಸಿದರು. ದೂರ ದೇಶಕ್ಕೆ ಹೋಗಿ ಬಂದವನಿಗೆ ಸ್ಟೀಲಿನ ಲೋಟದಲ್ಲಿ ಚಹಾ ಕೊಡುವುದುಂಟೇ?

ಕೆಟಲಿನಿಂದ ಬಗ್ಗಿಸಿದರು. ದಿನಕ್ಕೆ ಎಷ್ಟು ಸಲ ಆ ಮನೆಯ ಎಷ್ಟು ಜನರಿಗೆ, ಮಾತಾಡುತ್ತಾ, ನೋಡದೆ, ಒಂದು ಹನಿ ಚೆಲ್ಲದೆ ಬಗ್ಗಿಸುವ ಕೈ ಅದು. ಚಹಾ ಕಪ್ಪಿನಿಂದ ಬೆರಳಗಲ ಆಚೆ, ನನ್ನ ಮೊಣಕಾಲಿನ ಮೇಲೆ ಬಿತ್ತು.

"ಅಯ್ಯ, ಸುಟ್ಟಿತೇನಪ್ಪಾ," ಎಂದು ಸೆರಗಿನಿಂದ ಒತ್ತಿದರು. "ದಿನಾ ಹಿಡಿಯೋ ಕಪ್ಪಲ್ಲ ನೋಡು ಇದು. ಕೈ ತಪ್ಪತೈತಿ."